ಬಾಲದಲ್ಲಿದ್ದದ್ದು ತಲೆಗೆ ಬಂತು

ಮುಂಬಯಿಯ ಮಸ್ಜಿದ್ ಬಂದರಿನ ಒಂದು ಮಸಾಲೆ ಪೇಢಿಯಲ್ಲಿ, ಅಂದರೆ ಸಗಟು ವ್ಯಾಪಾರದ ಅಂಗಡಿಯಲ್ಲಿ, ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಓದಿದ್ದು ಮುನ್ಸಿಪಾಲಿಟಿಯ ಕನ್ನಡ ಶಾಲೆ, ಆಮೇಲೆ ರಾತ್ರಿ ಶಾಲೆ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತಿತ್ತು. ಸಣ್ಣ ವಾಕ್ಯ ಬರೆಯಲೂ ಬರುತ್ತಿತ್ತು. ಆದರೆ ಎರಡು ವಾಕ್ಯಕ್ಕೆ ಗಂಟು ಹಾಕಬೇಕು ಅಂದರೆ, ಅಂದರೆ ಇಫ್, ಬಿಕಾಸ್, ಆಲ್‌ದೋ, ಅನ್‌ಲೆಸ್ ಇವೆಲ್ಲ ಬಂದರೆ, ಕೈ ನಡುಗುತ್ತಿತ್ತು.

ಒಂದು ದಿನ, ಕಸ್ಟಮ್ಸ್‌ನಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟಿಗೆ ಮೇಲ್ ಹಾಕಿದೆ: ‘ಡು ನಾಟ್ ರಿಲೀಸ್ ದಿ ಗೂಡ್ಸ್ ಅನ್‌ಲೆಸ್ ದಿ ಪೇಮೆಂಟ್ ಈಸ್ ನಾಟ್ ರಿಸೀವ್ಡ್.’ ನನ್ನ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ನಮ್ಮ ಅಕೌಂಟೆಂಟ್ ಕಾಕಾ, ಧಾರವಾಡದ ಕಡೆಯವರು, ಹಿಂದಿನಿಂದ ಬಗ್ಗಿ ಓದಿದವರೇ ಜೋರಾಗಿ ನಕ್ಕರು. ‘ತಮ್ಮಾ, ರೊಕ್ಕ ಬರದಿದ್ರ ಅಷ್ಟ ಮಾಲು ಬಿಡ್ರಿ ಅಂತ ಬರದೀಯಲ್ಲೋ!’

ನನಗೆ ನಗು ಬರಲಿಲ್ಲ. ಮೇಲ್ ಆಗಲೇ ಹೋಗಿತ್ತು. ಫೋನ್ ಮಾಡಿ ಬಿಡಿಸಿ ಹೇಳಿದೆ, ಮಾಲಿಗೆ ಏನೂ ಆಗಲಿಲ್ಲ. ಆದರೆ ಅವತ್ತು ಸಂಜೆ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತುಕೊಂಡು ಅದೇ ಯೋಚನೆ. ತಪ್ಪಾಗಿದ್ದು ಎಲ್ಲಿ?

ಕನ್ನಡದಲ್ಲಿ ‘ದುಡ್ಡು ಬರದೆ ಮಾಲು ಬಿಡಬೇಡಿ’ ಅನ್ನುತ್ತೇವೆ. ಎರಡು ಕಡೆ ‘ಇಲ್ಲ’ ಇದೆ, ‘ಬರದೆ’ ಒಂದು, ‘ಬೇಡಿ’ ಇನ್ನೊಂದು. ನಾನು ಎರಡನ್ನೂ ಇಂಗ್ಲಿಷಿಗೆ ಹೊತ್ತುಕೊಂಡು ಹೋಗಿ, ಮೇಲೊಂದು ಅನ್‌ಲೆಸ್ ಇಟ್ಟಿದ್ದೆ. ಆದರೆ ಆ ಅನ್‌ಲೆಸ್ ಹೊಟ್ಟೆಯಲ್ಲೇ ಒಂದು ‘ಇಲ್ಲ’ ಇದೆ. ಬರದೆ ಅನ್ನೋದರ ಕೆಲಸವನ್ನು ಅದೇ ಮಾಡಿ ಮುಗಿಸಿರುತ್ತದೆ. ‘ಅನ್‌ಲೆಸ್ ದಿ ಪೇಮೆಂಟ್ ಈಸ್ ರಿಸೀವ್ಡ್’ ಅಂದರೆ ಸಾಕಿತ್ತು.

ಮರುದಿನದಿಂದ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟೆ. ವ್ಯಾಕರಣದ ಪುಸ್ತಕ ಹಿಡಿಯಲಿಲ್ಲ, ಅದರಲ್ಲಿ ಈ ಗಂಟಿನ ಪದಗಳಿಗೆ ಇಟ್ಟ ಸಬಾರ್ಡಿನೇಟಿಂಗ್ ಕಂಜಂಕ್ಷನ್ ಅನ್ನುವ ಹೆಸರು ಓದಿಯೇ ಸುಸ್ತಾಗುತ್ತದೆ. ಆಫೀಸಿನಲ್ಲಿ ನಾವು ದಿನಾ ಆಡುವ ಮಾತನ್ನೇ ಕನ್ನಡದಲ್ಲಿ ಬರೆದು, ಗಂಟು ಎಲ್ಲಿದೆ ಅಂತ ಹುಡುಕಿ ಸುತ್ತು ಹಾಕುತ್ತಿದ್ದೆ. ಬಂದರೆ, ಬಂದರೂ, ಬಂದಾಗ, ಬರುವವರೆಗೆ, ಬಂದದ್ದರಿಂದ. ನೋಡಿ, ಎಲ್ಲ ಗಂಟೂ ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿನಲ್ಲಿ ಅದೇ ಗಂಟು ಉಪವಾಕ್ಯದ, ಅಂದರೆ ಮುಖ್ಯ ಮಾತಿಗೆ ಕಟ್ಟಿದ ಸಣ್ಣ ವಾಕ್ಯದ, ತಲೆಯ ಮೇಲೆ ಕೂತಿರುತ್ತದೆ: ಇಫ್, ಆಲ್‌ದೋ, ವೆನ್, ಅಂಟಿಲ್, ಬಿಕಾಸ್.

ಇದು ಪೂರ್ತಿ ತಲೆಗೆ ಹೋಗಿದ್ದು ಈ ಒಂದು ವಾಕ್ಯ ಬರೆದ ದಿನ: ‘ಕಂಟೇನರ್ ಬಂದರೆ ಫೋನ್ ಮಾಡ್ತೀನಿ ಅಂತ ಏಜೆಂಟ್ ಹೇಳಿದ್ದರಿಂದ ನಾವು ಕಾಯ್ತಾ ಇದ್ದೀವಿ.’ ಮೂರು ಗಂಟು. ಬಂದ‘ರೆ’, ‘ಅಂತ’, ಹೇಳಿ‘ದ್ದರಿಂದ’. ಇಂಗ್ಲಿಷಿಗೆ ಹಾಕಲು ಮುಂದಿನಿಂದ ಶುರು ಮಾಡಿದೆ, ಮೂರು ಸಲ ಸಿಕ್ಕಿಹಾಕಿಕೊಂಡೆ. ಆಮೇಲೆ ಹಿಂದಿನಿಂದ ಬಿಚ್ಚಿದೆ: ‘ವೀ ಆರ್ ವೇಟಿಂಗ್ ಬಿಕಾಸ್ ದಿ ಏಜೆಂಟ್ ಸೆಡ್ ದಟ್ ಹೀ ವುಡ್ ಕಾಲ್ ಇಫ್ ದಿ ಕಂಟೇನರ್ ಕೇಮ್.’ ಬಿಕಾಸ್, ದಟ್, ಇಫ್. ನಮ್ಮ ಮೂರು ಗಂಟುಗಳೇ, ಸರಿಯಾಗಿ ಉಲ್ಟಾ ಸಾಲಿನಲ್ಲಿ! ಅವತ್ತಿನಿಂದ ಉದ್ದದ ವಾಕ್ಯ ಬಂದರೆ ಮೊದಲು ಕೊನೆಯ ಕ್ರಿಯಾಪದ ಹಿಡಿಯುತ್ತೇನೆ, ಅಲ್ಲಿಂದ ಹಿಂದಕ್ಕೆ ಒಂದೊಂದೇ ಗಂಟು ಬಿಚ್ಚುತ್ತಾ ಬರುತ್ತೇನೆ.

ತಮಾಷೆ ಏನೆಂದರೆ, ನನ್ನ ತಪ್ಪುಗಳಲ್ಲಿ ಎಷ್ಟೋ ಕನ್ನಡದವೇ ಅಲ್ಲ. ಮುಂಬಯಿಯಲ್ಲಿ ಇದ್ದೂ ಇದ್ದೂ ತಲೆಯಲ್ಲಿ ಹಿಂದಿ ಮರಾಠಿ ಓಡುತ್ತಿರುತ್ತದೆ, ಇಂಗ್ಲಿಷ್ ಬರೆಯುವಾಗ ಅದು ನುಸುಳುತ್ತದೆ. ‘ಅಂಟಿಲ್ ದಿ ಪೇಮೆಂಟ್ ಡಸ್ ನಾಟ್ ಕಮ್’ ಅಂತ ಈ ಊರಲ್ಲಿ ಎಷ್ಟು ಜನ ಬರೆಯುತ್ತಾರೆ! ಅದು ಹಿಂದಿಯ ‘ಜಬ್ ತಕ್ ಪೈಸಾ ನಹೀ ಆತಾ’ದ ನೆರಳು, ಅಲ್ಲಿ ‘ನಹೀ’ ಅಂದರೆ ‘ಇಲ್ಲ’. ಕನ್ನಡದಲ್ಲಿ ನಾವು ‘ದುಡ್ಡು ಬರೋವರೆಗೆ’ ಅನ್ನುತ್ತೇವೆ, ಅಲ್ಲಿ ‘ಇಲ್ಲ’ ಎಲ್ಲಿದೆ? ಇಂಗ್ಲಿಷೂ ಹಾಗೆಯೇ, ‘ಅಂಟಿಲ್ ದಿ ಪೇಮೆಂಟ್ ಕಮ್ಸ್’. ‘ಇಫ್ ದಿ ಟ್ರಕ್ ವಿಲ್ ಕಮ್’ ಕೂಡ ಅದೇ ಕಥೆ, ಹಿಂದಿಯ ‘ಅಗರ್ ಗಾಡಿ ಆಯೇಗಿ ತೋ’, ಅಲ್ಲಿ ‘ಆಯೇಗಿ’ ಭವಿಷ್ಯತ್ ಕಾಲ. ನಮ್ಮ ‘ಗಾಡಿ ಬಂದರೆ’ಯಲ್ಲಿ ಭವಿಷ್ಯತ್ ಕಾಲ ಇಲ್ಲವೇ ಇಲ್ಲ. ನಾಳೆ ಬರುವ ಗಾಡಿಗೂ ‘ಬಂದರೆ’. ಇಂಗ್ಲಿಷಿನಲ್ಲೂ ನಾಳೆಯ ಮಾತಿಗೆ ‘ಇಫ್ ದಿ ಟ್ರಕ್ ಕಮ್ಸ್’, ‘ವೆನ್ ದಿ ಟ್ರಕ್ ಕಮ್ಸ್’. ಇಂಥ ಕಡೆ ಹಿಂದಿಗಿಂತ ಕನ್ನಡದಲ್ಲಿ ಯೋಚಿಸಿದರೇ ಲಾಭ.

ಎಲ್ಲ ಕಡೆ ಹಾಗಲ್ಲ ಅನ್ನಿ. ‘ಮಳೆಯಿಂದ’, ‘ಮಳೆ ಬಂದದ್ದರಿಂದ’ ಎರಡರಲ್ಲೂ ನಮ್ಮದು ಒಂದೇ ‘ಇಂದ’. ಹಾಗಾಗಿ ನಾನು ‘ಬಿಕಾಸ್ ಆಫ್ ಟ್ರೇನ್ ವಾಸ್ ಲೇಟ್’ ಅಂತ ಧೈರ್ಯವಾಗಿ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಬರೀ ಮಳೆಗೆ ಬಿಕಾಸ್ ಆಫ್, ಮಳೆ ಬಂತು ಅನ್ನುವ ಪೂರ್ತಿ ವಾಕ್ಯಕ್ಕೆ ಬಿಕಾಸ್. ಇನ್ನೊಂದು ಹೊಂಡ ‘ಯಾಕಂದ್ರೆ’. ‘ಯಾಕಂದ್ರೆ ಗಾಡಿ ಬಂದಿಲ್ಲ’ ಅಂತ ಹೇಳಿ ಪೂರ್ಣವಿರಾಮ ಇಡಬಹುದು. ‘ಬಿಕಾಸ್ ದಿ ಟ್ರಕ್ ಹ್ಯಾಸ್ ನಾಟ್ ಕಮ್’ ಅಂತ ಬರೆದು ನಿಲ್ಲಿಸಿದರೆ, ಮಾತಿನಲ್ಲಿ ನಡೆಯುತ್ತದೆ, ಆಫೀಸ್ ಪತ್ರದಲ್ಲಿ ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ.

ಮತ್ತೆ ಅಲ್ಪವಿರಾಮ. ಲೋಕಲ್ ಗಾಡಿಗೆ ಎರಡೂ ಕಡೆ ಮೋಟರ್‌ಮನ್ ಕ್ಯಾಬಿನ್ ಇರುತ್ತಲ್ಲ, ಇಂಗ್ಲಿಷಿನ ಇಂಥ ಉಪವಾಕ್ಯ ಹಾಗೆಯೇ, ಮುಂದೂ ಹೋಗುತ್ತದೆ ಹಿಂದೂ ಹೋಗುತ್ತದೆ. ಮುಖ್ಯ ಮಾತು ಆದ ಮೇಲೆ ಬಂದರೆ ಸಾಮಾನ್ಯವಾಗಿ ಅಲ್ಪವಿರಾಮ ಬೇಡ. ಮೊದಲೇ ಬಂದರೆ ಅದು ಮುಗಿಯುವ ಕಡೆ ಒಂದು ಹಾಕಬೇಕು, ಇಲ್ಲದಿದ್ದರೆ ಓದುವವರಿಗೆ ಮುಖ್ಯ ಮಾತು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಸಿನ್ಸ್ ಮತ್ತು ಆ್ಯಸ್ ಇವುಗಳನ್ನು ನಾನು ಈಗಲೂ ದೂರ ಇಟ್ಟಿದ್ದೇನೆ. ಒಂದಕ್ಕೆ ‘ಅಂದಿನಿಂದ’ವೂ ಹೌದು ‘ಆದ್ದರಿಂದ’ವೂ ಹೌದು, ಇನ್ನೊಂದಕ್ಕೆ ‘ಹಾಗೆ’, ‘ಆಗ’, ‘ಆದ್ದರಿಂದ’ ಮೂರೂ. ಸುಮ್ನೆ ಬಿಕಾಸ್ ಬರೆದರೆ ಯಾರಿಗೂ ಗೊಂದಲ ಇಲ್ಲ.

ಕಾಕಾ ಈಗ ರಿಟೈರ್ ಆಗಿದ್ದಾರೆ. ಹೋದ ತಿಂಗಳು ಹೊಸದಾಗಿ ಸೇರಿದ ಮರಾಠಿ ಹುಡುಗಿ ಒಂದು ಮೇಲ್ ತೋರಿಸಿದಳು: ‘ಆಲ್‌ದೋ ದಿ ಪೇಮೆಂಟ್ ಈಸ್ ಪೆಂಡಿಂಗ್, ಬಟ್ ವೀ ಹ್ಯಾವ್ ಸೆಂಟ್ ದಿ ಗೂಡ್ಸ್.’ ನಾನೂ ವರ್ಷಗಟ್ಟಲೆ ಹೀಗೇ ಬರೆದವನು. ಗಂಟಿಗೆ ಆಲ್‌ದೋ ಒಂದೇ ಸಾಕು ಅಂತ ಬಟ್ ಹೊಡೆದು ಹಾಕಿದೆ. ಅವಳಿಗೆ ಸಮಾಧಾನ ಆಗಲಿಲ್ಲ. ಮರಾಠಿಯಲ್ಲಿ ಆಲ್‌ದೋ ಅನ್ನುವ ‘ಜರೀ’ ಬಂದರೆ ಹಿಂದೆಯೇ ‘ಆದರೂ’ ಅನ್ನುವ ‘ತರೀ’ ಬರಲೇಬೇಕಲ್ಲ. ‘ಸರ್, ಮಗ ತರೀ ಕುಠೇ ಗೇಲಾ?’ ಅಂದಳು. ತರೀ ಎಲ್ಲಿ ಹೋಯಿತು ಅಂತ.

ಪೆಂಡಿಂಗ್ ಆದ ಮೇಲಿನ ಅಲ್ಪವಿರಾಮದ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದೆ.