ಪತ್ತೇದಾರಿ ಕಥೆಯ ಹೆಣ್ಣಿಗೆ ಮೊದಲು ಕಸುಬು ಕೊಡಿ

ಕ್ರೈಂ ಕಥೆಗೆ ಗಟ್ಟಿ ಹೆಣ್ಣೊಬ್ಬಳು ಬೇಕು ಅಂದ ಕೂಡಲೇ ಹಲವರು ಅವಳ ಸೊಂಟಕ್ಕೆ ಪಿಸ್ತೂಲು, ಕೈಗೆ ಬುಲೆಟ್ ಗಾಡಿಯ ಕೀಲಿ ಕೊಟ್ಟು ಸುಮ್ಮನಾಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ಗಂಟು ಬಿಡಿಸುವವನು ಮಾತ್ರ ಯಾವನೋ ಸಾಹೇಬ. ಕರಡು ಮುಗಿದ ಮೇಲೆ ಅವಳನ್ನು ಕಥೆಯಿಂದ ತೆಗೆದು ನೋಡಿ. ಆಗಲೂ ಪ್ರಕರಣ ಬಗೆಹರಿದರೆ ಅವಳು ಅಲಂಕಾರಕ್ಕೆ ಬಂದವಳು.

1. ಕೈ ಏನು ಮಾಡುತ್ತದೆ?

ರೂಪ, ವಯಸ್ಸು, ಸೀರೆಯ ಬಣ್ಣ ಆಮೇಲೆ. ದಿನವಿಡೀ ಅವಳ ಕೈ ಯಾವ ಕೆಲಸದಲ್ಲಿರುತ್ತದೆ ಎಂದು ಮೊದಲು ಬರೆದುಕೊಳ್ಳಿ. ಬೀದರಿನಲ್ಲಿ ಬಿದರಿ ಕೆಲಸ, ಅಂದರೆ ಕಪ್ಪು ಲೋಹದ ಪಾತ್ರೆಗೆ ಬೆಳ್ಳಿಯ ಚಿತ್ತಾರ ಕೂರಿಸುವ ಕೆಲಸ, ಮಾಡುವವಳು ಎಂದಿಟ್ಟುಕೊಳ್ಳೋಣ. ಸತು, ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ನುಣುಪು ಮಾಡಿ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಸವರಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಗೀಚಿದ ಚಿತ್ತಾರ ಕಣ್ಣಿಗೆ ಕಾಣುತ್ತದೆ, ಅಷ್ಟೇ ಅದರ ಉಪಯೋಗ. ಬೆಳ್ಳಿ ಕೂರಿಸಿ ಉಜ್ಜುವಾಗ ಆ ಕಪ್ಪು ಹೊರಟುಹೋಗುತ್ತದೆ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣಿಗೆ ನವಸಾಗರವೆಂಬ ಉಪ್ಪು ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಬರುವ ಕಪ್ಪು ಬೇರೆ. ಅದು ಲೋಹಕ್ಕೇ ಕಚ್ಚಿಕೊಳ್ಳುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

2. ಆ ಕಸುಬೇ ಸುಳಿವಾಗಲಿ

ಕೊಲೆಗಾರ ಬಿದರಿ ಹೂದಾನಿಯಿಂದ ಹೊಡೆದಿದ್ದಾನೆ. ರಕ್ತದ ಕಲೆ ಹೋಗಲೆಂದು ಪಾಲಿಶ್ ಪೇಪರಿನಲ್ಲಿ ತಿಕ್ಕಿದ, ಕಪ್ಪೂ ಹೋಯಿತು. ಗಾಬರಿಯಲ್ಲಿ ಕಾರ್ಖಾನೆಯಲ್ಲಿ ಸಿಕ್ಕ ಮೈಲುತುತ್ತ ಬಳಿದ. ಇನ್‌ಸ್ಪೆಕ್ಟರ್ ಕಣ್ಣಿಗೆ ಹೂದಾನಿ ಸರಿಯಾಗಿಯೇ ಇದೆ. ಅವಳು ಬಟ್ಟೆಯಿಂದ ಗಟ್ಟಿಯಾಗಿ ಒಮ್ಮೆ ಒರೆಸುತ್ತಾಳೆ, ಬಟ್ಟೆಗೆ ಮಸಿ. “ಇದು ಕ್ವಾಟಿ ಮಣ್ಣಿನ ಕಪ್ಪಲ್ರೀ ಸಾಹೇಬ್ರ.”

ಇಲ್ಲಿ ಎಡವುವವರು ಬಹಳ. ಎರಡು ಕಪ್ಪುಗಳ ವ್ಯತ್ಯಾಸವನ್ನು ಈ ದೃಶ್ಯದಲ್ಲೇ ಮೊದಲ ಸಲ ಹೇಳಿದರೆ ಓದುಗನಿಗೆ ಮೋಸ. ಎರಡನೆಯ ಅಧ್ಯಾಯದಲ್ಲೇ ಹೊಸ ಹುಡುಗನೊಬ್ಬ ಮೈಲುತುತ್ತ ಹಚ್ಚಿದ ಪಾತ್ರೆ ಮುಟ್ಟಿ ಅಂಗಿ ಹೊಲಸು ಮಾಡಿಕೊಂಡು ಬೈಸಿಕೊಳ್ಳಲಿ. ನಗುವಿನ ಪ್ರಸಂಗವಾಗಿ ದಾಟಿಹೋಗಬೇಕು. ಮಧ್ಯದಲ್ಲಿ ಇನ್ನೊಂದು ಸಲ, ಒಂದೇ ಸಾಲು.

3. ತಪ್ಪಲು ಬಿಡಿ

ತಪ್ಪು ಅವಳ ಕಸುಬಿನಲ್ಲಿ ಬೇಡ, ಮಮತೆಯಲ್ಲಿ ಬರಲಿ. ತಾನೇ ಕೆಲಸ ಕಲಿಸಿದ ಹುಡುಗನ ಮೇಲೆ ಅನುಮಾನ ಬಂದರೂ ಎರಡು ದಿನ ಬಾಯಿ ಬಿಡುವುದಿಲ್ಲ. ಆ ಎರಡು ದಿನದಲ್ಲಿ ಏನೋ ಕೈತಪ್ಪಬೇಕು, ಇಲ್ಲವಾದರೆ ಅದು ತಪ್ಪೇ ಅಲ್ಲ.

4. ಕಾನೂನು ತಿಳಿದಿರಲಿ

2024ರ ಜುಲೈ 1ರಿಂದ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣನ್ನು ಬಂಧಿಸುವಂತಿಲ್ಲ. ವಿಶೇಷ ಸಂದರ್ಭವಾದರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆಯಬೇಕು. ನಡುರಾತ್ರಿ ಜೀಪಿನಲ್ಲಿ ಎಳೆದೊಯ್ಯುವ ದೃಶ್ಯ ಬರೆಯುವ ಮುಂಚೆ ಇದು ನೆನಪಿರಲಿ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣು ಅನುಮಾನಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕು. ತಾಲ್ಲೂಕಿನಲ್ಲಿ ಆ ಹೊಣೆ ಸಾಮಾನ್ಯವಾಗಿ ತಹಶೀಲ್ದಾರರದು. ಚಿತ್ತಾಪುರದಲ್ಲೋ ಸುರಪುರದಲ್ಲೋ ಒಬ್ಬ ತಹಶೀಲ್ದಾರ್ ಮೇಡಂ ಶವದ ಮುಂದೆ ನಿಂತು ಪಂಚನಾಮೆ ಬರೆಸುತ್ತಿದ್ದರೆ ಪತ್ತೇದಾರಿಣಿ ಸಿಕ್ಕಿಬಿಟ್ಟಳಲ್ಲ! ಈ ಪಾತ್ರವನ್ನು ಯಾಕೆ ಇಷ್ಟು ಕಡಿಮೆ ಬಳಸುತ್ತಾರೋ.

5. ಸತ್ತವಳಿಗೂ ಬದುಕು

ಹೆಣವಾಗಿ ಮಾತ್ರ ಬರುವ ಹೆಣ್ಣಿಗೂ ಅರ್ಧಕ್ಕೆ ನಿಂತ ಒಂದು ಕೆಲಸ ಇರಲಿ: ತುಂಬದ ಸಂಘದ ಕಂತು, ಒಣಗಲು ಹಾಕಿದ ತೊಗರಿ.

6. ಮಾತು

ನಿರೂಪಣೆ ಗ್ರಾಂಥಿಕದಲ್ಲಿರಲಿ, ಸಂಭಾಷಣೆಗೆ ಕಲಬುರಗಿ ಸೊಗಡು ಸಾಕು. ‘ಮಾಡಾಕತ್ತೀನಿ’ ಅಂದರೆ ಧಾರವಾಡದ ಕಡೆಯವಳಾದಳು, ಕಲಬುರಗಿ ಕಡೆ ‘ಮಾಡ್ಲತ್ತೀನಿ’. ಉದ್ದ ಭಾಷಣ ಕೊಡಬೇಡಿ. ಕಥೆಯುದ್ದಕ್ಕೂ ಅಂಗಡಿ ಮಾಲೀಕನಿಗೆ ‘ಏನ್ರೀ ಸೇಠ್ರ’ ಅನ್ನುತ್ತಿದ್ದವಳು, ಹೂದಾನಿ ಒರೆಸಿದ ಆ ಬಟ್ಟೆ ಅವನ ಮುಂದಿಟ್ಟು, “ಇದೇನ್ ಹೇಳು” ಅನ್ನಲಿ. ಅಲ್ಲಿ ಬಿಟ್ಟುಹೋದ ಒಂದು ‘ರೀ’ ಅವನ ಕಿವಿಗೆ ಬಿದ್ದೇ ಬೀಳುತ್ತದೆ.