ಟೈಫಸ್ ಸ್ಲೈಡನ್ನು ನಾನು ಎಷ್ಟು ನಂಬುತ್ತೇನೆ?

ಟೈಫಸ್ ಅಂದರೆ ಹೇನು, ಚಿಗಟ, ನುಸಿಗಳಿಂದ ಹರಡುವ ಬ್ಯಾಕ್ಟೀರಿಯಾ ಜ್ವರ. ಮಲೇರಿಯಾ ಹುಡುಕಿದ ಹಾಗೆ ಅದನ್ನೂ ರಕ್ತದ ಸ್ಮಿಯರ್‌ನಲ್ಲೇ (ಗಾಜಿನ ಮೇಲೆ ಹರಡಿದ ರಕ್ತದ ಹನಿಯಲ್ಲಿ) ನೋಡಿಬಿಡಿ ಅಂತ ಕೇಳುವವರು ಇನ್ನೂ ಇದ್ದಾರೆ. ಅದು ಆಗುವ ಕೆಲಸವಲ್ಲ. ಈ ಬ್ಯಾಕ್ಟೀರಿಯಾ ಬೆಳೆಯುವುದೇ ಜೀವಕೋಶಗಳ ಒಳಗೆ, ಮುಖ್ಯವಾಗಿ ರಕ್ತನಾಳದ ಒಳಗೋಡೆಯಲ್ಲಿ. ಬ್ಯಾಕ್ಟೀರಿಯಾ ಕಾಣಲೆಂದು ಹಚ್ಚುವ ಗ್ರಾಂ ಬಣ್ಣವನ್ನೂ ಸರಿಯಾಗಿ ಹಿಡಿಯುವುದಿಲ್ಲ.

ಹಾಗಾಗಿ ನಾನು ಮಾಡುವುದು ಐಎಫ್‌ಎ ಪರೀಕ್ಷೆ: ಬ್ಯಾಕ್ಟೀರಿಯಾ ವಿರುದ್ಧ ರೋಗಿಯ ದೇಹ ತಯಾರಿಸಿದ ಆಂಟಿಬಾಡಿಯನ್ನು ಹೊಳಪಿನಿಂದ ಪತ್ತೆ ಮಾಡುವುದು. ಸ್ಲೈಡಿನ ಗುಳಿಗಳಲ್ಲಿ ಬ್ಯಾಕ್ಟೀರಿಯಾ ಅಂಟಿಸಿರುತ್ತಾರೆ. ಅದರ ಮೇಲೆ ರೋಗಿಯ ಸೀರಂ (ರಕ್ತದ ತಿಳಿ ದ್ರವ) ಹಾಕಿ, ತೊಳೆದು, ಹೊಳೆಯುವ ಬಣ್ಣ ಸೇರಿಸಿದ ಇನ್ನೊಂದು ಆಂಟಿಬಾಡಿ ಹಾಕುತ್ತೇನೆ. ರೋಗಿಯ ಆಂಟಿಬಾಡಿ ಅಂಟಿದ್ದರೆ ಹಸಿರು ಹೊಳಪು ಕಾಣುತ್ತದೆ. ಸೀರಂ ಅನ್ನು 1:64, 1:128, 1:256 ಎಂದು ತೆಳು ಮಾಡುತ್ತಾ ಹೋದರೆ, ಕೊನೆಯ ಸಲ ಹೊಳೆದ ಗುಳಿಯ ಪ್ರಮಾಣವೇ ಟೈಟರ್.

ಎಲ್ಲರೂ ಇದನ್ನೇ ಗೋಲ್ಡ್ ಸ್ಟ್ಯಾಂಡರ್ಡ್, ಅಂದರೆ ಉಳಿದ ಪರೀಕ್ಷೆಗಳನ್ನು ಅಳೆಯುವ ಮಾನದಂಡ, ಅನ್ನುತ್ತಾರೆ. ಆದರೆ ಹೊಳಪು ಎಲ್ಲಿ ನಿಂತಿತು ಅಂತ ಹೇಳುವುದು ಕಣ್ಣು ತಾನೇ? 1:128ರಲ್ಲಿ ನನಗೆ ಮಂದವಾಗಿ ಕಂಡದ್ದು ಪಕ್ಕದವರಿಗೆ ಕಾಣದೇ ಇರಬಹುದು. ದೀಪ ಹಳೆಯದಾದರೆ ಹೊಳಪು ಕಡಿಮೆ. ಒಂದೇ ಜಾಗವನ್ನು ಜಾಸ್ತಿ ಹೊತ್ತು ನೋಡಿದರೂ ಬಣ್ಣ ಮಾಸುತ್ತದೆ. ಅದಕ್ಕೇ ಪ್ರತಿ ಸ್ಲೈಡಿನಲ್ಲೂ ಪಾಸಿಟಿವ್, ನೆಗೆಟಿವ್ ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ ಸೀರಂ) ಇಟ್ಟು, ಮೊದಲು ಅವನ್ನೇ ನೋಡುತ್ತೇನೆ. ಅನುಮಾನದ ಗುಳಿಯನ್ನು ಇನ್ನೊಬ್ಬರು ನನ್ನ ಓದು ಏನೆಂದು ತಿಳಿಯದೆ ನೋಡಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ.

ಸ್ಲೈಡಿನ ಮೇಲೆ ಬ್ಯಾಕ್ಟೀರಿಯಾದ ಯಾವ ತಳಿ ಇದೆ ಎಂಬುದೂ ಮುಖ್ಯ. ನುಸಿಯಿಂದ ಹರಡುವ ಸ್ಕ್ರಬ್ ಟೈಫಸ್‌ಗೆ ಕಾರ್ಪ್, ಕಾಟೊ, ಗಿಲಿಯಂ ತಳಿಗಳನ್ನು ಸಾಮಾನ್ಯವಾಗಿ ಬಳಸುತ್ತಾರೆ. ರೋಗಿಗೆ ತಗುಲಿದ್ದು ಬೇರೆ ತಳಿಯಾದರೆ ಹೊಳಪು ಕಮ್ಮಿ ಬರಬಹುದು. ಹೇನಿನಿಂದ ಹರಡುವ ಟೈಫಸ್, ಇಲಿಯ ಚಿಗಟದಿಂದ ಬರುವ ಟೈಫಸ್ ಎರಡಕ್ಕೂ ಸ್ಲೈಡು ಹೆಚ್ಚುಕಮ್ಮಿ ಒಂದೇ ಥರ ಹೊಳೆಯುತ್ತದೆ. ಅಲ್ಲಿ ಬರೀ ಮೈಕ್ರೋಸ್ಕೋಪ್ ನಂಬಿ ಹೆಸರು ಹೇಳುವುದಕ್ಕೆ ನಾನು ಒಪ್ಪುವುದಿಲ್ಲ.

ಒಂದೇ ಸ್ಯಾಂಪಲ್ಲಿನ ಟೈಟರ್ ಕೂಡ ಅರ್ಧ ಕಥೆ. ರೋಗ ಸಾಮಾನ್ಯವಾಗಿರುವ ಕಡೆ, ಹಿಂದೆಂದೋ ಬಂದುಹೋದ ಜ್ವರದ ಆಂಟಿಬಾಡಿ ಆರೋಗ್ಯವಂತರಲ್ಲೂ ಇರುತ್ತದೆ. ಆದ್ದರಿಂದ ಸುಮಾರು ಎರಡು ವಾರ ಬಿಟ್ಟು ಎರಡನೇ ಸ್ಯಾಂಪಲ್ ಕೇಳುತ್ತೇನೆ. ಮೊದಲನೆಯದನ್ನು ಫ್ರೀಜರ್‌ನಿಂದ ತೆಗೆದು, ಎರಡನ್ನೂ ಒಂದೇ ದಿನ ಅಕ್ಕಪಕ್ಕ ಓದುತ್ತೇನೆ. ಟೈಟರ್ ನಾಲ್ಕು ಪಟ್ಟು ಏರಿದ್ದರೆ ಧೈರ್ಯವಾಗಿ ಪಾಸಿಟಿವ್ ಎಂದು ಸಹಿ ಹಾಕುತ್ತೇನೆ. ಒಂದು ಮೆಟ್ಟಿಲಿನ (1:64ರಿಂದ 1:128ರಂಥ) ವ್ಯತ್ಯಾಸ ಸುಮ್ನೆ ಓದುವಾಗಲೂ ಆಗುತ್ತದೆ.

ಜ್ವರ ಬಂದ ಮೊದಲ ವಾರದ ನೆಗೆಟಿವ್‌ಗಂತೂ ಬೆಲೆ ಕಮ್ಮಿ, ಆಂಟಿಬಾಡಿ ಆಗ ಎಷ್ಟೋ ಸಲ ಇನ್ನೂ ಹುಟ್ಟಿರುವುದೇ ಇಲ್ಲ. ಅಂಥ ವರದಿಯ ಕೆಳಗೆ ಎರಡು ಸಾಲು ಸೇರಿಸುತ್ತೇನೆ: ಅನುಮಾನ ಬಲವಾಗಿದ್ದರೆ ಡಾಕ್ಸಿಸೈಕ್ಲಿನ್ (ಟೈಫಸ್‌ಗೆ ಕೊಡುವ ಆಂಟಿಬಯೋಟಿಕ್) ಶುರು ಮಾಡಲು ಈ ಫಲಿತಾಂಶಕ್ಕೆ ಕಾಯಬೇಡಿ. ಮೈಮೇಲೆ ನುಸಿ ಕಚ್ಚಿದಲ್ಲಿ ಕಪ್ಪು ಹಕ್ಕಳೆ ಕಂಡರೆ ಅದರ ಚೂರನ್ನು ಪಿಸಿಆರ್‌ಗೆ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆಗೆ) ಕಳಿಸಿ.