ಮುಂದೊಂದು ಕಂಪನಿ, ಹಿಂದೊಂದು ಕಂಪನಿ: ಸ್ಲಾಲಮ್ ಸ್ಕೀಗೆ ಬೈಂಡಿಂಗ್ ಜೋಡಿಸುವುದು ಹೇಗೆ?

ಸ್ಲಾಲಮ್ ವಾಟರ್ ಸ್ಕೀ ಅಂದರೆ ದೋಣಿ ಎಳೆಯುವ ಹಗ್ಗ ಹಿಡಿದು, ನೀರಲ್ಲಿ ತೇಲುವ ಬೋಯ್‌ಗಳನ್ನು (ಗುರುತಿನ ಚೆಂಡುಗಳನ್ನು) ಸುತ್ತುತ್ತ ಜಾರುವ ಆಟ. ಇದರಲ್ಲಿ ಎರಡೂ ಕಾಲು ಒಂದೇ ಹಲಗೆಯ, ಅಂದರೆ ಸ್ಕೀಯ ಮೇಲೆ, ಒಂದರ ಹಿಂದೆ ಒಂದು. ಪಾದವನ್ನು ಸ್ಕೀಗೆ ಹಿಡಿದಿಡುವ ಬೂಟ್ ಅಥವಾ ಪಟ್ಟಿಯೇ ಬೈಂಡಿಂಗ್: ಮುಂದಿನ ಕಾಲಿಗೊಂದು, ಹಿಂದಿನ ಕಾಲಿಗೊಂದು. ಸ್ಕೀ, ಬೈಂಡಿಂಗ್ ಎಲ್ಲ ಒಂದೇ ಕಂಪನಿಯದ್ದಾಗಿರಬೇಕು ಅಂತೇನೂ ಇಲ್ಲ. ರಾಡಾರ್ ಕಂಪನಿಯ ಸ್ಕೀ ಮೇಲೆ ರಿಫ್ಲೆಕ್ಸ್ ಕಂಪನಿಯ ಬೂಟ್ ಹಾಕಿಕೊಳ್ಳುವವರು ಇದ್ದಾರೆ. ಹೊಸ ಸ್ಕೀ ಕೊಂಡರೂ ವರ್ಷಗಟ್ಟಲೆ ಕಾಲಿಗೆ ಒಗ್ಗಿದ ವೈಲಿ ಕಂಪನಿಯ ರಬ್ಬರ್ ಬೈಂಡಿಂಗನ್ನೇ ಅದಕ್ಕೂ ಕೂರಿಸಿಕೊಳ್ಳುವವರೂ ಇದ್ದಾರೆ. ಪಾದಕ್ಕೆ ಹೊಂದುವ ಬೂಟ್ ಒಂದು ಕಡೆ, ಇಷ್ಟವಾದ ಸ್ಕೀ ಇನ್ನೊಂದು ಕಡೆ ಸಿಕ್ಕರೆ ಮತ್ತೇನು ಮಾಡುವುದು?

ಹೀಗೆ ಬೆರೆಸುವಾಗ ಹೆಚ್ಚಿನವರು ಮೊದಲು ಕೇಳುವುದು, ಸ್ಕ್ರೂ ತೂತುಗಳು ಹೊಂದುತ್ತವಾ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಬಿದ್ದಾಗ ಕಾಲು ಹೇಗೆ ಹೊರಗೆ ಬರುತ್ತದೆ ಅನ್ನುವುದು ಮೊದಲ ಪ್ರಶ್ನೆ.

ಬೀಳುವುದನ್ನು ಮೊದಲು ಯೋಚಿಸಿ

ಸ್ಪರ್ಧೆಯಲ್ಲಿ ದೋಣಿಯ ಗರಿಷ್ಠ ವೇಗ ಪುರುಷರಿಗೆ ಗಂಟೆಗೆ 58 ಕಿ.ಮೀ., ಮಹಿಳೆಯರಿಗೆ 55 ಕಿ.ಮೀ. ಆ ವೇಗದಲ್ಲಿ ಬಿದ್ದಾಗ ಒಂದು ಕಾಲು ಬಿಡಿಸಿಕೊಂಡು, ಇನ್ನೊಂದು ಸಿಕ್ಕಿಹಾಕಿಕೊಂಡರೆ ಕಷ್ಟ. ಐದೂವರೆ ಅಡಿ ಉದ್ದದ ಸ್ಕೀ ಆ ಒಂದೇ ಕಾಲನ್ನು ಹಿಡಿದು ತಿರುಚುತ್ತದೆ. ಪೆಟ್ಟು ಬೀಳುವುದು ಹರಡಿಗೆ, ಮಂಡಿಗೆ. ಹಾಗಾಗಿ ಎರಡೂ ಕಾಲು ಒಟ್ಟಿಗೆ ಹೊರಬರಬೇಕು, ಇಲ್ಲವೇ ಎರಡೂ ಒಳಗೇ ಉಳಿಯಬೇಕು.

ಒಂದೊಂದು ಬೈಂಡಿಂಗ್ ಕಾಲು ಬಿಡುವ ರೀತಿ ಒಂದೊಂದು. ರಬ್ಬರ್ ಬೈಂಡಿಂಗ್ ಪಾದವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಜೋರಾಗಿ ಎಳೆತ ಬಿದ್ದಾಗ ಪಾದ ಜಾರಿ ಬರುತ್ತದೆ. ಲೇಸ್ ಇರುವ ಮೆತ್ತನೆ ಬೂಟ್ ಎಷ್ಟು ಬೇಗ ಬಿಡುತ್ತದೆ ಅನ್ನುವುದು ನೀವು ಲೇಸ್ ಎಷ್ಟು ಬಿಗಿದಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ರಿಫ್ಲೆಕ್ಸ್‌ನಂಥ ಗಟ್ಟಿ ಶೆಲ್‌ನಲ್ಲಿ (ಚಿಪ್ಪಿನಂಥ ಗಡಸು ಬೂಟಿನಲ್ಲಿ) ಹಿಮ್ಮಡಿಯ ಹಿಂದೆ ಸ್ಪ್ರಿಂಗ್ ಕೊಂಡಿ ಇರುತ್ತದೆ. ಮುಂದಕ್ಕೆ ಬಿದ್ದಾಗ ಅದು ಬಿಚ್ಚಿಕೊಂಡು ಶೆಲ್ ಸಮೇತ ಕಾಲು ಹೊರಗೆ. ಗೂಡ್ ಕಂಪನಿಯ ದಾರಿಯೇ ಬೇರೆ. ಅಲ್ಲಿ ಪ್ಲೇಟನ್ನು, ಅಂದರೆ ಬೂಟ್ ಕೂರಿಸಿದ ತಗಡನ್ನು, ಸ್ಕೀಗೆ ಹಿಡಿದಿಡುವುದು ಡ್ಯುಯಲ್ ಲಾಕ್ ಅನ್ನುವ, ಒಂದಕ್ಕೊಂದು ಕಚ್ಚಿಕೊಳ್ಳುವ ಪಟ್ಟಿ. ಎರಡೂ ಬೂಟ್ ಒಂದೇ ಪ್ಲೇಟ್ ಮೇಲಿದ್ದರೆ ಪ್ಲೇಟ್ ಕಿತ್ತು ಬಂದಾಗ ಎರಡೂ ಕಾಲು ಒಟ್ಟಿಗೆ ಬಿಡುಗಡೆ.

ಇನ್ನು ರಿಯರ್ ಟೋ ಪ್ಲೇಟ್. ಹಿಂದಿನ ಪಾದದ ಮುಂಭಾಗಕ್ಕೆ ಒಂದು ಪಟ್ಟಿ, ಹಿಮ್ಮಡಿ ಖಾಲಿ. ಕಾಲು ಸಲೀಸಾಗಿ ಹೊರಬರುತ್ತದೆ. ಬೇರೆ ಬೇರೆ ಕಂಪನಿ ಬೆರೆಸುವವರಿಗೆ ಸುಲಭದ ಜೋಡಿ ಇದೇ: ಮುಂದೆ ನಿಮಗಿಷ್ಟದ ಬೂಟ್, ಹಿಂದೆ ಟೋ ಪ್ಲೇಟ್. ಇದರಲ್ಲೂ ಅಪಾಯ ಇಲ್ಲದಿಲ್ಲ. ಹಿಂದಿನ ಕಾಲು ಆಚೆ ಬಂದು ಮುಂದಿನದು ಒಳಗೇ ಉಳಿಯಬಹುದು. ಅದಕ್ಕೇ ಮುಂದಿನ ಬೂಟನ್ನು ಉಸಿರುಗಟ್ಟುವಷ್ಟು ಬಿಗಿಯಬೇಡಿ. ನಾನು ಬೇಡವೇ ಬೇಡ ಅನ್ನುವ ಜೋಡಿ ಅಂದರೆ ಮುಂದೆ ತಟ್ಟನೆ ಬಿಚ್ಚಿಕೊಳ್ಳುವ ಶೆಲ್, ಹಿಂದೆ ಲೇಸ್ ಬಿಗಿದ ಪೂರ್ತಿ ಬೂಟ್.

ತೂತು, ಸ್ಕ್ರೂ, ಪ್ಲೇಟ್

ಸ್ಕೀ ಒಳಗೆ ಸ್ಕ್ರೂ ಹಿಡಿಯಲು ಇನ್ಸರ್ಟ್‌ಗಳನ್ನು ಹೂತಿರುತ್ತಾರೆ. ಅವುಗಳ ಅಂತರ ಎಲ್ಲ ಕಂಪನಿಗೂ ಒಂದೇ ಅಲ್ಲ. ಪ್ಲೇಟನ್ನು ಸ್ಕೀ ಮೇಲಿಟ್ಟು ಅಗಲ, ಉದ್ದ ಎರಡೂ ಕಡೆಯ ತೂತು ಸರಿಯಾಗಿ ಕೂರುತ್ತವೆಯೇ ನೋಡಿ. ಕೂರದಿದ್ದರೆ ಪ್ಲೇಟಿಗೆ ಹೊಸ ತೂತು ಕೊರೆಯಬಹುದು, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದರಾಯಿತು. ಸ್ಕೀಗೆ ಮಾತ್ರ ಡ್ರಿಲ್ ಹಚ್ಚಬೇಡಿ. ಒಳಗಿನ ತಿರುಳಿಗೆ ನೀರು ಇಳಿದರೆ ಸ್ಕೀ ಹೋಯಿತು ಅಂತಲೇ ಲೆಕ್ಕ.

ಸ್ಕ್ರೂ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ತಾಳ್ಮೆ ಬೇಕು. ಬೂಟ್ ಜೊತೆ ಬಂದ ಸ್ಕ್ರೂ ಅಲ್ಲ, ಸ್ಕೀಗೆ ಹೊಂದುವ ಸ್ಕ್ರೂ ಬಳಸಿ. ಕೆಲವು ಇನ್ಸರ್ಟ್‌ಗೆ ನಟ್‌ ಬೋಲ್ಟಿನಂಥ ಒತ್ತೊತ್ತಾದ ಥ್ರೆಡ್ (ಸುರುಳಿ ಗೆರೆ) ಇರುತ್ತದೆ, ಕೆಲವಕ್ಕೆ ಅಂತರ ಹೆಚ್ಚಿರುವ ಒರಟು ಥ್ರೆಡ್‌ನ ಸ್ಕ್ರೂ ಬೇಕು. ಒಂದಕ್ಕೆ ಇನ್ನೊಂದನ್ನು ತಿರುಗಿಸಿದರೆ ಇನ್ಸರ್ಟ್ ಹಾಳು. ಉದ್ದ ನೋಡಲು ಒಂದು ಹಲ್ಲುಕಡ್ಡಿ ಸಾಕು. ಇನ್ಸರ್ಟ್‌ನ ತಳ ಮುಟ್ಟುವಂತೆ ಇಳಿಸಿ, ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ. ಈಗ ಸ್ಕ್ರೂವನ್ನು ವಾಷರ್ ಸಮೇತ ಪ್ಲೇಟಿಗೆ ತೂರಿಸಿ, ಕೆಳಗೆ ಎಷ್ಟು ಚಾಚಿದೆ ನೋಡಿ. ಕಡ್ಡಿಯ ಗುರುತಿಗಿಂತ ಒಂದೆರಡು ಮಿಲಿಮೀಟರ್ ಕಡಿಮೆ ಇದ್ದರೆ ಸರಿ. ಹೆಚ್ಚಾದರೆ ಸ್ಕ್ರೂ ತುದಿ ಸ್ಕೀಯ ತಳವನ್ನೇ ಒತ್ತಿ ಉಬ್ಬಿಸುತ್ತದೆ. ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ತಿರುಗಿಸಿ, ಆಮೇಲೆ ಕೈ ಸ್ಕ್ರೂಡ್ರೈವರ್. ಪವರ್ ಡ್ರಿಲ್ ಬೇಡ.

ಪ್ಲೇಟುಗಳ ದಪ್ಪವನ್ನೂ ಗಮನಿಸಿ. ಮುಂದಿನ ಬೂಟ್ ಅಲ್ಯೂಮಿನಿಯಂ ಪ್ಲೇಟ್ ಮೇಲಿದ್ದು, ಹಿಂದಿನದು ನೇರ ಸ್ಕೀ ಮೇಲೆ ಕೂತರೆ ಎರಡು ಪಾದದ ಎತ್ತರ ಬೇರೆಯಾಗುತ್ತದೆ. ನಿಂತಾಗಲೇ ಅದು ಗೊತ್ತಾಗುತ್ತದೆ.

ಎಲ್ಲಿ ಕೂರಿಸಬೇಕು?

ಹಳೆಯ ಬೈಂಡಿಂಗ್ ಬಿಚ್ಚುವ ಮೊದಲು ಸ್ಕೀಯ ಬಾಲದ ತುದಿಯಿಂದ ಮುಂದಿನ ಬೂಟಿನ ಹಿಮ್ಮಡಿಯವರೆಗೆ ಅಳೆದು ಬರೆದಿಟ್ಟುಕೊಳ್ಳಿ. 67 ಇಂಚಿನ ಸ್ಕೀಯಲ್ಲಿ ಇದು ಸಾಮಾನ್ಯವಾಗಿ 29ರಿಂದ 30 ಇಂಚಿನ ಆಸುಪಾಸು. ಸ್ಕೀ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಸ್ಕೀಯ ಅಳತೆಗೆ ಕೊಟ್ಟ ಅಂಕಿಯೇ ಕೊನೆಯ ಮಾತು. ಕಂಪನಿ ಬದಲಾದಾಗ ತೂತಿನ ಲೆಕ್ಕ ನಂಬಬೇಡಿ. ಅದೇ ತೂತಿಗೆ ಹಾಕಿದರೂ ಬೂಟಿನ ಆಕಾರ ಬೇರೆಯಾದ್ದರಿಂದ ಹಿಮ್ಮಡಿ ಬೇರೆ ಜಾಗಕ್ಕೆ ಬರುತ್ತದೆ. ಗಟ್ಟಿ ಶೆಲ್‌ನ ಗೋಡೆ ದಪ್ಪ, ರಬ್ಬರಿನದು ತೆಳು. ಹಾಗಾಗಿ ಹೊರಗಿನ ಅಂಚಷ್ಟೇ ಅಲ್ಲ, ಒಳಗೆ ನಿಜವಾದ ಹಿಮ್ಮಡಿ ಎಲ್ಲಿ ಕೂರುತ್ತದೆ ಅಂತಲೂ ನೋಡಿ.

ಹಿಂದಿನ ಬೈಂಡಿಂಗ್ ಮುಂದಿನದಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ದಪ್ಪ ಹಿಮ್ಮಡಿಯ ಶೆಲ್ ಅಥವಾ ಹಿಂದಿನ ಕೊಂಡಿ ಅಡ್ಡ ಬಂದರೆ ಕೊಂಡಿ ಪೂರ್ತಿ ತೆರೆಯುವಷ್ಟು ಜಾಗ ಬಿಡಲೇಬೇಕು.

ನೀರಿಗೆ ಇಳಿಯುವ ಮೊದಲು

ಮೆತ್ತನೆ ಕಾರ್ಪೆಟ್ ಮೇಲೆ, ಫಿನ್‌ಗೆ (ಸ್ಕೀಯ ಬಾಲದ ತಳದಲ್ಲಿರುವ ರೆಕ್ಕೆಗೆ) ಏಟಾಗದಂತೆ ಸ್ಕೀಯ ಕೆಳಗೆ ಆಸರೆ ಕೊಟ್ಟು, ಎರಡೂ ಬೂಟ್ ಹಾಕಿ ನಿಲ್ಲಿ. ಮಂಡಿ ಬಗ್ಗಿಸಿ. ಯಾರಾದರೂ ಪಕ್ಕದಲ್ಲಿ ಹಿಡಿದುಕೊಂಡಿರಲಿ. ಮುಂದಕ್ಕೆ ಬಾಗಿ ಹಿಮ್ಮಡಿ ಎತ್ತಲು ನೋಡಿ. ಬಿಡುಗಡೆಯ ಸ್ಪ್ರಿಂಗ್ ಇದ್ದರೆ ಕಡಿಮೆ ಒತ್ತಡದಿಂದ ಶುರುಮಾಡಿ, ಸುಮ್ಮಸುಮ್ಮನೆ ಬಿಚ್ಚಿಕೊಳ್ಳುತ್ತಿದ್ದರೆ ಮಾತ್ರ ಸ್ವಲ್ಪ ಸ್ವಲ್ಪವೇ ಏರಿಸಿ.

ಮೊದಲ ಸಲ ಉದ್ದನೆ ಹಗ್ಗ, ನಿಮ್ಮ ಮಾಮೂಲಿಗಿಂತ ಕಡಿಮೆ ವೇಗ, ಬೋಯ್‌ಗಳ ಗೊಡವೆ ಬೇಡ. ದಡಕ್ಕೆ ಬಂದ ಕೂಡಲೇ ಎಲ್ಲ ಸ್ಕ್ರೂ ಮುಟ್ಟಿ ನೋಡಿ, ಒಂದೆರಡಾದರೂ ಸಡಿಲಾಗಿರುವುದುಂಟು. ಸ್ಕೀಯ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತಿದೆ ಅನಿಸಿದರೆ ಎರಡೂ ಬೈಂಡಿಂಗನ್ನು ಸುಮಾರು 3 ಮಿ.ಮೀ. ಹಿಂದಕ್ಕೆ ಸರಿಸಿ. ಮೂತಿ ಮೇಲೆದ್ದು ತಿರುವು ಅಗಲವಾಗುತ್ತಿದ್ದರೆ ಅಷ್ಟೇ ಮುಂದಕ್ಕೆ. ಬೈಂಡಿಂಗ್ ಜಾಗ ಖಾತ್ರಿಯಾಗುವ ತನಕ ಫಿನ್ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.